ಇಟಲಿ ಗಾಡಿಯ ಆಯುಧಪೂಜೆ

ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬರೀ ಶೇಖರಪ್ಪ ಎಂದರೆ ಯಾವ ಶೇಖರಪ್ಪ ಎಂದು ಕೇಳುತ್ತಿದ್ದರು. ಇಟಲಿ ಶೇಖರಪ್ಪ ಎಂದರೆ ಹಾಲು ಹಾಕುವವಳೂ ಬಾಗಿಲವರೆಗೆ ಬಂದು ಮನೆ ತೋರಿಸುತ್ತಿದ್ದಳು. ಗದಗಿನ ಕಡೆಯ ಮನುಷ್ಯ, ಇಟಲಿ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಕೈ ಮಾಡಿ ತೋರಿಸಲಾರ. ಅವನ ಮನೆಯ ಮುಂದಿನ ತಗಡಿನ ಚಪ್ಪರದ ಕೆಳಗೆ ಒಂದು ಕೆಂಪು ಬಣ್ಣದ ಹಳೆಯ ಮೋಟಾರ್ ಸೈಕಲ್ಲು ನಿಂತಿರುತ್ತಿತ್ತು. ಅದು ಇಟಲಿಯದು. ಹೆಸರು ಬಂದದ್ದು ಅದರಿಂದ.

ಏರ್‌ಫೋರ್ಸಿನ ಅಧಿಕಾರಿಯೊಬ್ಬ ವರ್ಗವಾಗಿ ಹೋಗುವಾಗ ಬೇರೆ ಯಾರೂ ಕೊಳ್ಳಲಿಲ್ಲವೆಂದು ಶೇಖರಪ್ಪನಿಗೆ ದಾಟಿಸಿ ಹೋದ ಗಾಡಿ. ಎಮ್ಮೆಯ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು. ಅದರ ಮೇಲೆ ಕೂತರೆ ಶೇಖರಪ್ಪ ನೆಲದಲ್ಲಿ ಏನೋ ಕಳೆದುಕೊಂಡು ಹುಡುಕುತ್ತಿರುವವನಂತೆ ಕಾಣುತ್ತಿದ್ದ. ಬಿಡಿಭಾಗ ಈ ದೇಶದಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಗ್ಯಾಸ್ಕೆಟ್ ಹೋದರೆ ಯಶವಂತಪುರದ ಮೆಕ್ಯಾನಿಕ್ ಗಯಾಸ್ ದಪ್ಪ ಹಾಳೆಯಲ್ಲಿ ಕತ್ತರಿಸಿ ಕೊಡಬೇಕು. ಕ್ಲಚ್ ವೈರು ಸ್ಕೂಟರಿನದು, ಹಿಂದಿನ ದೀಪ ಬುಲೆಟ್ಟಿನದು, ಸ್ಟ್ಯಾಂಡಿನ ಸ್ಪ್ರಿಂಗು ಎಲ್ಲಿಯದೋ ಆ ಶಿವನೇ ಬಲ್ಲ. ಬೇಸಿಗೆಯಲ್ಲಿ ಬಿಸಿಯಾಗಿ ನಿಲ್ಲುತ್ತಿತ್ತು, ಮಳೆಗಾಲದಲ್ಲಿ ನೆನೆದು ನಿಲ್ಲುತ್ತಿತ್ತು. ಹವೆ ಹಿತವಾಗಿದ್ದ ದಿನ ಎಣ್ಣೆ ಸೋರುತ್ತಿತ್ತು. ಅವನ ಹೆಂಡತಿ ರತ್ನಕ್ಕ ರಂಗೋಲಿ ಹಾಕುವ ಜಾಗವನ್ನೇ ಬದಲಾಯಿಸಿಕೊಂಡಿದ್ದಳು.

"ಶೇಖರಪ್ಪನೋರೇ, ಇದು ಗಾಡಿ ಅಲ್ಲ, ಮನೆ ಅಳಿಯ," ಎಂದು ಗಯಾಸ್ ನಗುತ್ತಿದ್ದ. "ಕೂತಲ್ಲೇ ತಿನ್ನುತ್ತೆ, ಕೆಲಸ ಹೇಳಿದ್ರೆ ಮುನಿಸ್ಕೊಳ್ಳುತ್ತೆ."

ಶೇಖರಪ್ಪನಿಗೆ ಮಾತ್ರ ಅದರ ಒಂದೊಂದು ಐಬೂ ಒಂದೊಂದು ಹೆಮ್ಮೆ. ಎಲ್ಲಕ್ಕಿಂತ ದೊಡ್ಡ ಹೆಮ್ಮೆ ಅದರ ಕಾರ್ಬ್ಯುರೇಟರಿನದು. ಬೇರೆ ಗಾಡಿಗಳು ಗಾಳಿ ಎಳೆದುಕೊಳ್ಳುವ ಕಡೆ ಒಂದು ಡಬ್ಬಿ, ಅದರೊಳಗೊಂದು ಜಾಲರಿ ಇರುತ್ತದೆ. ಇದಕ್ಕೆ ಅದೇನೂ ಇಲ್ಲ. ತುತ್ತೂರಿಯ ಬಾಯಿಯಂತೆ ಅಗಲವಾದ, ಹೊಳೆಯುವ ಬಾಯಿಯೊಂದು ಸೀಟಿನ ಕೆಳಗೆ ಸ್ವಲ್ಪ ಮೇಲಕ್ಕೆ ಮುಖ ಮಾಡಿ ತೆರೆದುಕೊಂಡಿತ್ತು. ರೇಸಿನ ಗಾಡಿಗಳಿಗೆ ಹೀಗೇ ಇರುವುದು ಎಂದು ಅಧಿಕಾರಿ ಹೇಳಿದ್ದ. ಅಂದಿನಿಂದ ಶೇಖರಪ್ಪ ಮನೆಗೆ ಬಂದವರನ್ನೆಲ್ಲ ಹಿಡಿದು, ಎಂಜಿನ್ ಶುರು ಮಾಡಿ, "ಕೈ ಹಿಡೀರಿ ಇಲ್ಲಿ, ಹೆಂಗ ಉಸರ ಜಗ್ತದ ನೋಡ್ರಿ" ಎಂದು ಅವರ ಅಂಗೈಯನ್ನು ಆ ಬಾಯಿಯ ಮುಂದೆ ಹಿಡಿಸುತ್ತಿದ್ದ. ಪಾಪ, ಕಾಫಿ ಕುಡಿಯಲು ಬಂದವರು.

ನಿಜ ಹೇಳಬೇಕೆಂದರೆ ಆ ಗಾಡಿ ಓಡುತ್ತಿದ್ದದ್ದು ಬ್ಯಾಟರಾಯಪ್ಪನ ರಟ್ಟೆಯ ಬಲದಿಂದ. ಯಲಹಂಕದ ಹಳೆಯ ಊರಿನವನು, ಮೂವತ್ತು ದಾಟಿದ ಗಟ್ಟಿ ಆಳು, ಹೆಸರಘಟ್ಟದ ಕಡೆ ಅವರಿವರ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ. ಒಮ್ಮೆ ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಈ ಗಾಡಿಯನ್ನು ತಳ್ಳಿಕೊಟ್ಟ. ಆಮೇಲೆ ತಳ್ಳುವುದು ಅವನಿಗೇ ಖಾಯಮ್ಮಾಯಿತು. ಭಾನುವಾರ ಬಂದು ಗಾಡಿ ಒರೆಸುವನು, ಚೈನಿಗೆ ಎಣ್ಣೆ ಬಿಡುವನು, ರತ್ನಕ್ಕ ಬಡಿಸಿದ ರೊಟ್ಟಿ ತಿಂದು ಹೋಗುವನು. ಇವನು ಅವನಿಗೆ ಅಣ್ಣ, ಅವನು ಇವನಿಗೆ ತಮ್ಮ. ಕಾರ್ಖಾನೆಯ ಸಾರಿಗೆ ವಿಭಾಗಕ್ಕೆ ಒಬ್ಬ ಹಂಗಾಮಿ ಡ್ರೈವರ್ ಬೇಕು ಎಂದು ಗೊತ್ತಾದಾಗ ಅಲ್ಲಿನ ಫೋರ್‌ಮನ್ ಶಿವಶರಣಪ್ಪನಿಗೆ ಬ್ಯಾಟರಾಯಪ್ಪನ ಹೆಸರು ಹೇಳಿದ್ದು ಶೇಖರಪ್ಪನೇ. ಶಿವಶರಣಪ್ಪ ಗುಲ್ಬರ್ಗದವನು, ಪಕ್ಕದ ಸಾಲಿನ ಕ್ವಾರ್ಟರ್ಸಿನಲ್ಲಿದ್ದ. "ನೀ ಹೇಳಿದ ಮ್ಯಾಲ ಮುಗೀತು. ಹಬ್ಬ ಆಗ್ಲಿ, ಕರ್ಕೊಂಬಾ" ಎಂದಿದ್ದ. ಇನ್ನೊಬ್ಬರ ಹೊಲದಲ್ಲಿ ಧೂಳು ಕುಡಿದು ಸಾಕಾಗಿದ್ದ ಬ್ಯಾಟರಾಯಪ್ಪ ಅಂದಿನಿಂದ ಹಬ್ಬ ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿದ್ದ.

ಎಪ್ಪತ್ತೆಂಟನೇ ಇಸವಿಯ ಆಯುಧಪೂಜೆ ಬಂತು. ಹಿಂದಿನ ದಿನ ಶೇಖರಪ್ಪನೇ ಬ್ಯಾಟರಾಯಪ್ಪನ ಕೈಗೆ ಗಾಡಿ ಕೊಟ್ಟು, ಹೆಸರಘಟ್ಟದ ತೋಟದಿಂದ ಸೇವಂತಿಗೆ ತಂದುಕೊಡು ಎಂದು ಕಳಿಸಿದ. ಅವನು ಹೂವಿನ ಮೂಟೆ ಕಟ್ಟಿಕೊಂಡು ಬಂದ, ಗಾಡಿಯನ್ನು ತೊಳೆದು ಮಿಂಚುವಂತೆ ಒರೆಸಿಟ್ಟ.

ಪೂಜೆಯ ದಿನ ಕ್ವಾರ್ಟರ್ಸಿನ ಬೀದಿಯುದ್ದಕ್ಕೂ ಸೈಕಲ್ಲು, ಸ್ಕೂಟರುಗಳು ಹೂ ಮುಡಿದು ನಿಂತಿದ್ದವು. ಶೇಖರಪ್ಪ ಮಡಿಯುಟ್ಟು, ಮನೆಯ ಸ್ಪ್ಯಾನರು, ಸ್ಕ್ರೂಡ್ರೈವರು, ಸುತ್ತಿಗೆ ಎಲ್ಲವನ್ನೂ ದೇವರ ಮುಂದಿನ ಮಣೆಯ ಮೇಲೆ ಸಾಲಾಗಿ ಇಟ್ಟು ವಿಭೂತಿ ಹಚ್ಚಿದ. ಹಾಗೆ ಇಟ್ಟ ಮೇಲೆ ಮಾರನೆಯ ದಿನ ವಿಜಯದಶಮಿಯ ಪೂಜೆ ಮುಗಿಯುವ ತನಕ ಅವನ್ನು ಮುಟ್ಟುವ ಹಾಗಿಲ್ಲ. ಅವನ ಅಜ್ಜನ ಕಾಲದಿಂದಲೂ ಅವರ ಮನೆಯ ಪದ್ಧತಿ ಅದು. ಆಮೇಲೆ ಹೊರಗೆ ಬಂದು ಗಾಡಿಗೆ ಹಾರ ಹಾಕಿ, ದೀಪಕ್ಕೆ ಮೂರು ಬೆರಳಿನ ವಿಭೂತಿ ಬಳಿದು, ತಲೆಯಿಂದ ಬಾಲದವರೆಗೆ ಕೈತುಂಬ ಅಕ್ಷತೆ ಹಾಕಿದ. ಬೇರೆಯವರು ಒಂದು ಚಿಟಿಕೆ ಹಾಕಿದರೆ ಇವನು ಮೂರು ಹಿಡಿ ಹಾಕಿದ. ಇಟಲಿ ಗಾಡಿ ಅಲ್ಲವೇ.

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಬೀದಿಯ ಜನ ನೋಡುತ್ತಿದ್ದರು. ಶಿವಶರಣಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮುಂದೆಯೇ ನಿಂತಿದ್ದ, ಹಬ್ಬದೂಟಕ್ಕೆ ಬಂದಿದ್ದ ಬ್ಯಾಟರಾಯಪ್ಪ ಅವನ ಹಿಂದೆ. ಶೇಖರಪ್ಪ ಒದ್ದ, ಗಾಡಿ ಒಂದೇ ಒದೆತಕ್ಕೆ ಶುರುವಾಯಿತು. ಅವನು ಗತ್ತಿನಿಂದ ಸುತ್ತಲೂ ಒಮ್ಮೆ ನೋಡಿ, ಆಕ್ಸಿಲೇಟರ್ ತಿರುಗಿಸಿ, ನಿಂಬೆಹಣ್ಣು ಹಿಸುಕಿ ಮುಂದೆ ಹೋದ. ಆಕ್ಸಿಲೇಟರ್ ಬಿಟ್ಟ. ಗಾಡಿ ಬಿಡಲಿಲ್ಲ. ಕೈ ಬಿಟ್ಟರೂ ಎಂಜಿನ್ ಅರಚುತ್ತಲೇ ಇತ್ತು, ಗಾಡಿ ಓಡುತ್ತಲೇ ಇತ್ತು. ಎದುರುಮನೆಯವರು ಕಟ್ಟಿದ್ದ ಬಾಳೆಕಂದಿನ ಕಮಾನು ಹೊತ್ತುಕೊಂಡು, ಅವರ ಬೂದುಗುಂಬಳಕ್ಕೆ ಗುದ್ದಿ, ಗೋಡೆಯ ಬುಡದಲ್ಲಿ ಮಗ್ಗುಲಾಯಿತು. ಮಡಿಪಂಚೆ ಒಂದು ಕಡೆ, ಮನುಷ್ಯ ಒಂದು ಕಡೆ. ಅರಚುತ್ತಿದ್ದ ಎಂಜಿನ್ನಿನ ಪ್ಲಗ್ಗಿನ ವೈರನ್ನು ಓಡಿಬಂದು ಬರಿಗೈಯಲ್ಲಿ ಕಿತ್ತವನು ಬ್ಯಾಟರಾಯಪ್ಪ. ಶಾಕ್ ಹೊಡೆದು ಕೈ ಒದರುತ್ತಲೇ ಶೇಖರಪ್ಪನನ್ನು ಎಬ್ಬಿಸಿ ಕೂರಿಸಿದ.

ಬೀದಿಗೆ ಬೀದಿಯೇ ನಗುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಹಿಡಿದಿದ್ದರು. ಮೊಣಕೈ ತರಚಿದ್ದು ಶೇಖರಪ್ಪನಿಗೆ ಉರಿಯಲಿಲ್ಲ, ಆ ನಗು ಉರಿಯಿತು.

"ಏನಾತೋ ನಿನ್ನ ಇಟಲಿಗೆ? ನಿನ್ನೆ ಯಾರ ಕೈಯಾಗ ಕೊಟ್ಟಿದ್ದಿ?" ಎಂದು ಶಿವಶರಣಪ್ಪ ನಗೆ ತಡೆದುಕೊಂಡು ಕೇಳಿದ.

ಸುಮ್ಮನೆ ಕೇಳಿದ ಮಾತು. ಮುಳುಗುವವನಿಗೆ ಹಗ್ಗ ಸಿಕ್ಕ ಹಾಗಾಯಿತು ಶೇಖರಪ್ಪನಿಗೆ.

"ಇವ ಒಯ್ದಿದ್ದ ನೋಡ್ರಿ," ಎಂದು ಬ್ಯಾಟರಾಯಪ್ಪನ ಕಡೆ ಕೈ ಮಾಡಿದ. "ಹೆಸರಘಟ್ಟಕ್ಕ ಹೋಗಿ ಬಾ ಅಂದ್ರ ಮನಸಿಗೆ ಬಂದಂಗ ಹೊಡ್ಕೊಂಡು ಬಂದಾನ."

"ಇಲ್ಲ ಕಣಣ್ಣಾ, ಮೆತ್ತುಗೇ ತಂದೆ. ಇಂದೆ ಊವಿನ ಮೂಟೆ ಇತ್ತಲ್ಲಾ," ಎಂದ ಬ್ಯಾಟರಾಯಪ್ಪ.

"ಮೆತ್ತಗ ತಂದಿದ್ರ ಹಿಂಗ್ಯಾಕ ಆಗ್ತದಪಾ? ಟ್ರ್ಯಾಕ್ಟರ್ ಹೊಡಿಯೋ ಕೈಗೆ ಇಂಥಾ ಗಾಡಿ ಕೊಟ್ಟಿದ್ದು ನಂದಽ ತಪ್ಪು. ಗಾಡಿ ಅಂದ್ರ ಏನು ಅಂತ ಗೊತ್ತಿಲ್ಲದ ಮಂದಿ!"

ರತ್ನಕ್ಕ ಬಾಗಿಲಿನಿಂದಲೇ, "ಬಿಚ್ಚಿ ನೋಡ್ರಲ್ಲಾ ಮೊದಲ, ಏನಾಗೇತಿ ಅಂತ," ಎಂದಳು.

"ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಪೂಜಾಕ್ಕ ಕುಂತಾವು. ನಾಳಿತನಾ ಮುಟ್ಟಂಗಿಲ್ಲ," ಎಂದ ಶೇಖರಪ್ಪ. ಹಾಗೆನ್ನುವಾಗ ಅವನಿಗೆ ಒಳಗೊಳಗೇ ಹಾಯೆನಿಸಿತು. ಕಾರ್ಖಾನೆಯಲ್ಲಿ ಅವನ ಕೆಲಸವೇ ತಪಾಸಣೆ. ಲೇತಿನಿಂದ ಇಳಿದ ಯಾವ ತುಂಡನ್ನೂ ಅಳೆದು ನೋಡದೆ ಸರಿ ಎಂದವನಲ್ಲ, ತಪ್ಪು ಎಂದವನೂ ಅಲ್ಲ. ಅಂಥವನು ಅಂದು ಒಂದು ನಟ್ಟನ್ನೂ ಸಡಿಲಿಸದೆ ಒಬ್ಬ ಮನುಷ್ಯನನ್ನು ಪಕ್ಕಕ್ಕೆ ತಳ್ಳಿಬಿಟ್ಟ. ಶಿವಶರಣಪ್ಪ ನಗು ನಿಲ್ಲಿಸಿ ಬ್ಯಾಟರಾಯಪ್ಪನನ್ನು ಮೇಲಿಂದ ಕೆಳಗೆ ನೋಡಿದ್ದನ್ನು ಶೇಖರಪ್ಪ ಕಂಡ. ಕಂಡೂ ಸುಮ್ಮನಿದ್ದ. ಬ್ಯಾಟರಾಯಪ್ಪ ಗಾಡಿಯನ್ನು ಎತ್ತಿ, ತಳ್ಳಿಕೊಂಡು ಬಂದು ಚಪ್ಪರದ ಕೆಳಗೆ ನಿಲ್ಲಿಸಿ, ಊಟಕ್ಕೆ ನಿಲ್ಲದೆ ಹೋದ.

ಮರುದಿನ ಬೆಳಿಗ್ಗೆ ವಿಜಯದಶಮಿಯ ಪೂಜೆ ಮುಗಿಸಿ, ಮಣೆಯ ಮೇಲಿನ ಸ್ಪ್ಯಾನರ್ ತೆಗೆದುಕೊಂಡು ಶೇಖರಪ್ಪ ಚಪ್ಪರದ ಕೆಳಗೆ ಕೂತ. ಆಕ್ಸಿಲೇಟರಿನ ವೈರು ಸರಿಯಾಗಿತ್ತು, ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿದ. ಅದರೊಳಗೆ ಪೆಟ್ರೋಲು ಗಾಳಿ ಎಷ್ಟು ಹೋಗಬೇಕೋ ಅಷ್ಟಕ್ಕೆ ಏರಿ ಇಳಿಯುವ ಪುಟ್ಟ ಬಾಗಿಲೊಂದಿರುತ್ತದೆ. ಆ ಬಾಗಿಲು ಪೂರ್ತಿ ಕೆಳಗಿಳಿಯದೆ ನಿಂತಿತ್ತು. ಎಳೆದು ತೆಗೆದ. ಅದರ ಅಡಿಯಲ್ಲಿ, ಪೆಟ್ರೋಲಿನಲ್ಲಿ ನೆಂದು, ಅರಿಶಿನ ಇನ್ನೂ ಪೂರ್ತಿ ಬಿಡದ ಒಂದು ಅಕ್ಕಿಕಾಳು ಗಟ್ಟಿಯಾಗಿ ಸಿಕ್ಕಿಕೊಂಡಿತ್ತು.

ಶೇಖರಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಬೇರೇನಾದರೂ ಇರಬಹುದೇ ಎಂದು ಹಾರೈಸಿ ಮತ್ತೆ ನೋಡಿದ. ಅಕ್ಕಿಯೇ. ನಿನ್ನೆ ತಾನೇ ಕೈಯಾರೆ, ಕಣ್ಣು ಮುಚ್ಚಿ, ಭಕ್ತಿಯಿಂದ ಎರಚಿದ ಅಕ್ಷತೆ. ಊರಿಗೆಲ್ಲ ಕೈ ಹಿಡಿಸಿ ತೋರಿಸಿದ್ದ ಆ ತೆರೆದ ಬಾಯಿಗೆ ನೇರವಾಗಿ ಬಿದ್ದಿತ್ತು. ಅಷ್ಟರಲ್ಲಿ ಹಿಂದೆ ರತ್ನಕ್ಕನ ಬಳೆ ಸದ್ದು ಕೇಳಿತು. ಎಸೆಯೋಣವೆಂದರೆ ಅಕ್ಷತೆ, ಕಾಲಿಗೆ ಸಿಗಬಾರದು. ಮುಚ್ಚಿಡೋಣವೆಂದರೆ ಮಡಿಪಂಚೆಗೆ ಜೇಬಿಲ್ಲ. ಶೇಖರಪ್ಪ ಅದನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟ.

"ಏನಾಗಿತ್ತ್ರೀ?" ಎಂದಳು ರತ್ನಕ್ಕ.

"ಏನಿಲ್ಲ. ವೈರ್ ಬಿಗಿಯಾಗಿತ್ತು," ಎಂದ. ಬಾಯಿತುಂಬ ಪೆಟ್ರೋಲಿನ ವಾಸನೆ.

ಅವರ ಸೀಮೆಯಲ್ಲಿ ದಶಮಿಯ ದಿನ ಬನ್ನಿ ಎಲೆ ಕೈಯಲ್ಲಿ ಹಿಡಿದು ಮನೆಮನೆಗೆ ಹೋಗುತ್ತಾರೆ. 'ಬನ್ನಿ ತಗೊಂಡು ಬಂಗಾರದಂಗ ಇರೂಣು' ಎಂದು ಎಲೆ ಕೊಟ್ಟರೆ, ಇಸಕೊಂಡರೆ, ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತು. ತಪ್ಪಾಯಿತು ಎಂದು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎಂಥ ಅನುಕೂಲದ ಹಬ್ಬ ಎಂದು ಶೇಖರಪ್ಪನಿಗೆ ಅಂದು ಅನಿಸಿತು. ಮೊದಲು ಶಿವಶರಣಪ್ಪನ ಮನೆಗೆ ಹೋಗಿ ಬನ್ನಿ ಕೊಟ್ಟ. ಶಿವಶರಣಪ್ಪ ತಬ್ಬಿಕೊಂಡು, ಹೋಳಿಗೆ ಕೊಡಿಸಿ, ಮೊಣಕೈ ಹೇಗಿದೆ ಎಂದು ಕೇಳಿದ. ಹೋಳಿಗೆ ತಿನ್ನುವಷ್ಟು ಹೊತ್ತೂ ಅಕ್ಕಿಕಾಳಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ತಪಾಸಣೆಯವನು ತನ್ನ ಗಾಡಿಗೆ ತಾನೇ ಅಕ್ಕಿ ತಿನ್ನಿಸಿದ ಎಂದು ನಾಳೆ ಇಡೀ ಕಾರ್ಖಾನೆ ಕ್ಯಾಂಟೀನಿನಲ್ಲಿ ಕುಣಿಯುವುದು ಕಣ್ಣಿಗೆ ಕಟ್ಟಿತು. ಶೇಖರಪ್ಪ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡ.

ಯಲಹಂಕಕ್ಕೆ ಗಾಡಿಯ ಮೇಲೇ ಹೋದ. ಹಾಳಾದ ಗಾಡಿ ಅಂದಿನಷ್ಟು ಸೊಗಸಾಗಿ ಎಂದೂ ಓಡಿರಲಿಲ್ಲ. ಹಳೆಯ ಊರಿನ ಓಣಿಯಲ್ಲಿ ಸದ್ದು ಕೇಳಿ ಬ್ಯಾಟರಾಯಪ್ಪ ಹೊರಗೆ ಬಂದು, ಗಾಡಿಯಿಂದ ನಾಲ್ಕು ಮಾರು ದೂರದಲ್ಲೇ ನಿಂತ. ಶೇಖರಪ್ಪ ಅವನ ಕೈಗೆ ಬನ್ನಿ ಎಲೆ ಕೊಟ್ಟು, 'ಬಂಗಾರದಂಗ ಇರೂಣು' ಎಂದಷ್ಟೇ ಹೇಳಿದ. ಬ್ಯಾಟರಾಯಪ್ಪ ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದೇನಣ್ಣಾ, ಗಾಯಕ್ಕೆ ಅರೆದು ಅಚ್ಚೋದಾ?"

ಅವರ ಮನೆಯಲ್ಲಿ ಬನ್ನಿ ಕೊಡುವ ಪದ್ಧತಿ ಇರಲಿಲ್ಲ. ಎಲೆ ಅಲ್ಲಿ ಬರೀ ಎಲೆ. ಅಷ್ಟರಲ್ಲಿ ಬ್ಯಾಟರಾಯಪ್ಪನೇ ತಲೆ ತಗ್ಗಿಸಿಕೊಂಡು ಮಾತು ತೆಗೆದ.

"ತಪ್ಪು ನಂದೇ ಅಣ್ಣಾ. ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ಚಿಕ್ಕಬಾಣಾವರದ ರೈಲ್ವೆ ಗೇಟ್ ತಾವ ಒಂದು ಅಳ್ಳಕ್ಕೆ ಇಳಿಸ್ಬುಟ್ಟಿದ್ದೆ. ನಿಮ್ಗೆ ಏಳ್ನಿಲ್ಲ. ಅದ್ರಿಂದ್ಲೇ ಎಲ್ಲೋ ಏಟಾಗದೆ. ನಿಮ್ಮ ಪಿರಾಣಕ್ಕೇ ಸಂಚಕಾರ ತಂದ್ಬುಡ್ತಿದ್ದೆ."

ಇಲ್ಲದ ತಪ್ಪನ್ನು ಹುಡುಕಿ ತೆಗೆದು ಮುಂದಿಟ್ಟಿದ್ದ. ಇದಕ್ಕಿಂತ ಸುಲಭವಾಗಿ ಸತ್ಯ ಹೇಳುವ ಜಾಗ ಸಿಗುತ್ತಿರಲಿಲ್ಲ. ಶೇಖರಪ್ಪ ಏನು ಹೇಳಿದ ಗೊತ್ತೇ? "ಇರ್ಲಿ ಬಿಡೋ ತಮ್ಮಾ, ಆಗೂದು ಆಗಿಹೋತು," ಎಂದ. ದೊಡ್ಡ ಮನಸ್ಸಿನವನ ಹಾಗೆ ಅವನ ಬೆನ್ನು ತಟ್ಟಿದ. ದಾರಿಯಲ್ಲಿ ಬರುವಾಗ ಆ ತಟ್ಟಿದ ಕೈಯನ್ನು ಹ್ಯಾಂಡಲ್ಲಿನ ಮೇಲಿಡಲೂ ಅಸಹ್ಯವಾಯಿತು. ಮನೆಗೆ ಬಂದು ಊಟ ಬೇಡವೆಂದು ಮಲಗಿದ. ನಿದ್ದೆ ಹತ್ತಲಿಲ್ಲ.

ಮರುದಿನ ಕಾರ್ಖಾನೆಗೆ ಹೋದವನೇ ತನ್ನ ವಿಭಾಗಕ್ಕೂ ಹೋಗದೆ ಸಾರಿಗೆ ಶೆಡ್ಡಿಗೆ ಹೋದ. ಶಿವಶರಣಪ್ಪನ ಸುತ್ತ ಡ್ರೈವರುಗಳು ನಿಂತು ಚಹಾ ಕುಡಿಯುತ್ತಿದ್ದರು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಪಕ್ಕಕ್ಕೆ ಕರೆದರೆ ಮತ್ತೆ ಬಾಯಿ ಕಟ್ಟೀತು ಎಂದು ಹೆದರಿ ಎಲ್ಲರೆದುರಿಗೇ ಹೇಳಿದ. ಅಕ್ಷತೆ, ಕಾರ್ಬ್ಯುರೇಟರಿನ ಬಾಯಿ, ಸಿಕ್ಕಿಕೊಂಡ ಕಾಳು, ಒಂದನ್ನೂ ಬಿಡಲಿಲ್ಲ. ನುಂಗಿದ್ದನ್ನೂ ಹೇಳಿದ. ಎಣಿಸಿದ್ದ ನಗು ಬಂತು. ಒಬ್ಬ ಚಹಾದ ಲೋಟ ನೆಲಕ್ಕಿಟ್ಟು ನಕ್ಕ. ಶೇಖರಪ್ಪನಿಗೆ ಅದು ಅಷ್ಟೇನೂ ತಾಗಲಿಲ್ಲ.

ಶಿವಶರಣಪ್ಪ ನಗಲಿಲ್ಲ. ಶೆಡ್ಡಿನ ಆಚೆ ವ್ಯಾನು ಒರೆಸುತ್ತಿದ್ದ ಒಬ್ಬ ಅಪರಿಚಿತನನ್ನು ಕಣ್ಣಿನಲ್ಲೇ ತೋರಿಸಿದ.

"ನಿನ್ನೆ ಸಂಜೀಗೆ ಇವ್ನಿಗಿ ಹೇಳಿ ಕಳ್ಸಿದೆ. ಇವತ್ತ ಮುಂಜಾನಿ ಸೇರ್ಕೊಂಡ. ಬಡವ, ಹೆಂಡ್ರು ಮಕ್ಕಳು ಅದಾರ. ಈಗ ಹ್ಯಾಂಗ ತೆಗೀಲಿ ಹೇಳು?" ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದ: "ನಿನ್ನೆ ಮಧ್ಯಾಹ್ನ ನಮ್ಮನ್ಯಾಗ ಕುಂತು ಹೋಳಿಗಿ ತಿಂದೆಲ್ಲ. ಆವಾಗ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು," ಎಂದ ಶೇಖರಪ್ಪ.

ಅಂದು ಸಂಜೆ ಬಸ್ಸು ಹಿಡಿದು ಯಲಹಂಕಕ್ಕೆ ಹೋದ. ಬ್ಯಾಟರಾಯಪ್ಪ ಜಗುಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವನ ತಾಯಿ ಅಕ್ಕಯ್ಯಮ್ಮ ಪಕ್ಕದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಶೇಖರಪ್ಪ ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದ.

"ಗಾಡಿ ಕೆಡಿಸಿದ್ದು ನೀ ಅಲ್ಲೋ ತಮ್ಮಾ. ನಾನು. ಪೂಜಾದಾಗ ನಾ ಹಾಕಿದ ಅಕ್ಷತಿ ಕಾಳು ಅದರ ಬಾಯಾಗ ಬಿದ್ದು ಸಿಕ್ಕೊಂಡಿತ್ತು. ನಿಂದೇನೂ ತಪ್ಪಿಲ್ಲ. ನಿನ್ನೆ ಇಲ್ಲಿಗೆ ಬಂದಾಗನೂ ಅದು ನನಗ ಗೊತ್ತಿತ್ತು."

ಬ್ಯಾಟರಾಯಪ್ಪನ ಕೈ ನಿಂತಿತು. ಬೈಯಲಿ ಎಂದು ಶೇಖರಪ್ಪ ಕಾದ. ಆದರೆ ಅವನ ಮುಖ ಮೆಲ್ಲಗೆ ಅರಳತೊಡಗಿತು.

"ಅವ್ವೋ, ಕೇಳಿದ್ಯಾ? ನಾನಲ್ವಂತೆ ಕಣವ್ವಾ! ಗಾಡಿ ಕೆಡ್ಸಿದ್ದು ನಾನಲ್ವಂತೆ!" ಎಂದು ಎದ್ದುನಿಂತ. ಓಣಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕ. "ಎರಡು ದಿನದಿಂದ ಯಾವ ಅಳ್ಳ, ಯಾವ ಕಲ್ಲು ಅಂತ ಯೋಚ್ನೆ ಮಾಡಿ ಮಾಡಿ ತಲೆ ಕೆಟ್ಟೋಗಿತ್ತಣ್ಣಾ. ಅಕ್ಕಿಕಾಳಾ? ಅಯ್ಯೋ ನನ್ನಪ್ಪಾ!"

ಅಕ್ಕಯ್ಯಮ್ಮ ಮೊರ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೊಡ್ಡ ಮನ್ಸ ಸೋಮಿ ನಿಮ್ದು. ಇಲ್ಲೀಗಂಟ ಬಂದು ಏಳಿದ್ರಲ್ಲಾ. ಬ್ಯಾರೆಯೋರಾಗಿದ್ರೆ ಏಳ್ತಿದ್ರಾ?"

ನೆಲ ಬಾಯಿಬಿಡಬಾರದೇ ಎನಿಸಿತು ಶೇಖರಪ್ಪನಿಗೆ. ಅಷ್ಟರಲ್ಲಿ ಬ್ಯಾಟರಾಯಪ್ಪ ಒಳಗೆ ಓಡಿಹೋಗಿ, ಒಂದು ಕಾಕಿ ಬಟ್ಟೆಯ ತುಂಡು ಹಿಡಿದುಕೊಂಡು ಹೊಸ್ತಿಲಿಗೆ ಬಂದ.

"ಕೆಲ್ಸ ಸಿಗಾಕಿಲ್ಲ ಅಂತ ದರ್ಜಿ ತಾವಿಂದ ವಾಪಸ್ ಈಸ್ಕೊಂಡ್ ಬಂದ್ಬುಟ್ಟಿದ್ದೆ. ಈಗ್ಲೇ ಓಗಿ ಕೊಟ್ಬರ್ತೀನಿ, ಎರಡು ದಿನದಾಗೆ ಒಲ್ಕೊಡ್ತಾನೆ. ಯಾವತ್ತು ಬರ್ಲಿ ಅಣ್ಣಾ ಕೆಲಸಕ್ಕೆ?"

ಶೇಖರಪ್ಪ ಅವನ ಮುಖ ನೋಡಲಾರದೆ ಕಾಕಿ ಬಟ್ಟೆಯನ್ನೇ ನೋಡುತ್ತ ಹೇಳಿದ. "ಬ್ಯಾಡ ತಮ್ಮಾ. ಇವತ್ತ ಮುಂಜಾನೆ ಬ್ಯಾರೆಯವ ಸೇರ್ಕೊಂಡಾನ. ನಿನ್ನೆ ಹೇಳಿದ್ರ ನಿನಗಽ ಸಿಗ್ತಿತ್ತು. ನಾ ಹೇಳಲಿಲ್ಲ."

ಅಕ್ಕಯ್ಯಮ್ಮ ಮಗನ ಮುಖ ನೋಡಿದಳು, ಆಮೇಲೆ ಶೇಖರಪ್ಪನ ಮುಖ ನೋಡಿದಳು, ಎದ್ದು ಒಳಗೆ ಹೋದಳು. ಬ್ಯಾಟರಾಯಪ್ಪ ಕಾಕಿ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿ, ಇನ್ನೊಮ್ಮೆ ಮಡಿಚಿ, ಜಗುಲಿಯ ಮೇಲಿಟ್ಟ.

"ಇರ್ಲಿ ಬುಡಿ ಅಣ್ಣಾ," ಎಂದ. "ನಾನಲ್ಲ ಅಂತ ಗೊತ್ತಾಯ್ತಲ್ಲ, ಸಾಕು. ಕೂತ್ಕಳಿ, ಅವ್ವ ಕಾಪಿ ಕಾಯಿಸ್ತಾವ್ಳೆ."

ಬೈದಿದ್ದರೆ ಶೇಖರಪ್ಪ ಎದ್ದು ಹೋಗಬಹುದಿತ್ತು. ಅವನು ಚಾಪೆಯ ಮೇಲೆ ಕೂತ. ಅಕ್ಕಯ್ಯಮ್ಮ ತಂದಿಟ್ಟ ಲೋಟದ ತುಂಬ ಕಾಫಿ ಇತ್ತು, ಬಹಳ ಬಿಸಿಯಾಗಿತ್ತು. ಅದು ಮುಗಿಯುವ ತನಕ ಅವನು ಅವರಿಬ್ಬರ ಎದುರಿಗೆ ಕೂತೇ ಇರಬೇಕಾಯಿತು.